ಹುಣಸವಾಡಿಗೆ ಬಂದ ಬಸ್ಸು

ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ಟು ಪುಕ್ಕಟೆ ಎಂದು ಸರಕಾರ ಸಾರಿದ ದಿನ ಹುಣಸವಾಡಿಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಇನ್ನೇನು ಮಾಡಬೇಕು? ಆ ಊರಿಗೆ ಬಸ್ಸೇ ಇರಲಿಲ್ಲ. ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಹಾಗೆ ಇವರಿಗೆ ಕಡಲೆಯನ್ನೇನೋ ಉಡಿ ತುಂಬ ಕೊಟ್ಟಿದ್ದರು. ಖಟಕ ಚಿಂಚೋಳಿಯಿಂದ ಭಾಲ್ಕಿಗೆ ಹೋಗುವ ಬಸ್ಸುಗಳು ಫಾಟಾದಲ್ಲಿ, ಅಂದರೆ ಊರದಾರಿ ಡಾಂಬರು ರಸ್ತೆಗೆ ಕೂಡುವ ತಿರುವಿನಲ್ಲಿ, ನಿಂತರೆ ನಿಂತವು, ಇಲ್ಲದಿದ್ದರೆ ಮುಖಕ್ಕೆ ಧೂಳು ಹೊಡೆದು ಹೋದವು. ಫಾಟಾದಿಂದ ಊರಿಗೆ ಮುಕ್ಕಾಲು ತಾಸಿನ ನಡಿಗೆ. ಎರಡೂ ಕಡೆ ಆಳೆತ್ತರದ ಕಬ್ಬು, ನಡುವೆ ಒಂದು ಹಳ್ಳದ ಸೇತುವೆ, ಹೊತ್ತು ಇಳಿದರೆ ಆ ಸೇತುವೆಯ ಕಟ್ಟೆಯ ಮೇಲೆ ಬಾಟಲಿ ಇಟ್ಟುಕೊಂಡು ಕೂಡುವ ಗಂಡಸರು.

ಆ ದಾರಿಯಲ್ಲಿ ಚಂದ್ರಭಾಗಾಳ ಮಗಳು ಸೋನಾಲಿ ದಿನಾ ನಡೆಯುತ್ತಿದ್ದಳು. ಭಾಲ್ಕಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದು. ಕುರಿ ಸಾಕಿ ಬದುಕಿದ ಆ ಮನೆತನದಲ್ಲಿ ಗಂಡಸರೇ ಹತ್ತನೆಯ ತರಗತಿ ದಾಟಿರಲಿಲ್ಲ, ಇವಳು ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ನೋಡಿ ಬಂದು ಅಡುಗೆಮನೆಯಲ್ಲಿ ಅವ್ವನಿಗೆ ಅದರ ಚಿತ್ರ ಬರೆದು ತೋರಿಸುತ್ತಿದ್ದಳು. ಚಂದ್ರಭಾಗಾಳಿಗೆ ಆ ಚಿತ್ರ ಇಟ್ಟಿಗೆ ಗೋಡೆಯಂತೆ ಕಾಣುತ್ತಿತ್ತು. ಆದರೂ ಹೆಮ್ಮೆಯಿಂದ ಎದೆ ಉಬ್ಬುತ್ತಿತ್ತು. ಸಂಜೆ ಕೈಯಲ್ಲಿ ಕುರಿ ಕಾಯುವ ಕೋಲು ಹಿಡಿದು ತಾನೇ ಫಾಟಾಕ್ಕೆ ಹೋಗಿ ಮಗಳನ್ನು ಕರೆದುಕೊಂಡು ಬರುತ್ತಿದ್ದಳು. ಒಂದು ಸಂಜೆ ಸೇತುವೆಯ ಮೇಲಿನವರು ಏನೋ ಅಂದರು. ಚಂದ್ರಭಾಗಾ ಕೋಲು ಎತ್ತಿದಳು. ಸುದ್ದಿ ಅವಳಿಗಿಂತ ಮೊದಲು ಮನೆ ಮುಟ್ಟಿತು.

ಗಂಡ ಹಣಮಂತಪ್ಪ ಊರಲ್ಲಿ ಹಿರಿಯನೆನಿಸಿಕೊಂಡವನು. ಕೂಗಾಡಲಿಲ್ಲ. ರೊಟ್ಟಿ ಮುರಿಯುತ್ತ ಹೇಳಿದ: “ದಸರಾ ತನಕ ನೋಡ್ತೇನಿ. ಬಸ್ಸು ಊರಾಗ ಬಂತಂದ್ರ ಹುಡುಗಿ ಓದ್ಲಿ. ಬರ್ಲಿಲ್ಲಂದ್ರ ಔರಾದದಾಗ ನಮ್ಮಕ್ಕ ಕಾಯ್ಲಾಕತ್ಯಾಳ. ಅಕಿ ಮಗ ಗೌರವಗೇನ್ ಕಡಿಮಿ ಅದ? ಸಿಮೆಂಟಿನ ಅಂಗಡಿ ಅದ, ಕುಡಿಯಂಗಿಲ್ಲ.”

“ಹುಡುಗಿಗಿ ಹತ್ತೊಂಬತ್ರಿ ಈಗ.”

“ಅದಕ್ಕೇ ಹೇಳ್ಲಾಕತ್ತೀನಿ.”

ಅಲ್ಲಿಂದ ಶುರುವಾಯಿತು ಚಂದ್ರಭಾಗಾಳ ಬಸ್ಸಿನ ಹುಚ್ಚು. ಊರವರು ಹುಚ್ಚು ಎಂದೇ ಅಂದರು, ಅನ್ನಲಿ. ಜೊತೆಗೆ ಸಿಕ್ಕವಳು ಗಿರಿಜಾಬಾಯಿ. ಬೌದ್ಧರ ಓಣಿಯವಳು, ಸಾಲೆಯಲ್ಲಿ ಬಿಸಿಯೂಟ ಬೇಯಿಸುವಾಕೆ. ಅವಳ ಸೊಸೆ ಸಪನಾ ಬೀದರಿನ ಒಂದು ಆಸ್ಪತ್ರೆಯಲ್ಲಿ ನರ್ಸು, ಅದೇ ಕಬ್ಬಿನ ದಾರಿಯಲ್ಲಿ ಜೀವ ಕೈಯಲ್ಲಿ ಹಿಡಿದು ನಡೆಯುವವಳು. ಗಿರಿಜಾಬಾಯಿಯ ಬಾಯಿ ಜೋರು, ಕಾನೂನಿನ ಮಾತು ತಿಳಿಯುತ್ತಿತ್ತು, ಕುರ್ಚಿಯಲ್ಲಿ ಕೂತವರನ್ನು ಕಂಡರೆ ಅಂಜಿಕೆಯಿರಲಿಲ್ಲ. ಎರಡು ಓಣಿಯ ಹೆಂಗಸರು ಒಂದೇ ಚಾಪೆಯ ಮೇಲೆ ಕೂತದ್ದು ಆ ಊರಿನಲ್ಲಿ ಅದೇ ಮೊದಲು. ಭಾಲ್ಕಿಯ ಡಿಪೋಗೆ ಹೋದರು. ಅಲ್ಲಿ ಬೀದರಿಗೆ ಹೋಗಿ ಎಂದರು, ಬೀದರಿಗೆ ಹೋದರು. ಅಲ್ಲಿ ಭಾಲ್ಕಿಯಲ್ಲೇ ಕೇಳಿ ಎಂದರು, ಮತ್ತೆ ಬಂದರು. ಹೀಗೆ ಚಪ್ಪಲಿ ಸವೆದ ಮೇಲೆ ಡಿಪೋದ ವೀರಭದ್ರ ಸಾಹೇಬರು ತಾವೇ ಮೋಟಾರ್ ಸೈಕಲ್ ಮೇಲೆ ಊರು ನೋಡಲು ಬಂದರು.

“ಬಸ್ಸು ಹಾಕ್ಬಹುದ್ರಿ ತಾಯಿ,” ಎಂದರು. “ಆದ್ರ ತಿರುಗ್ಲಿಕ್ಕಿ ಜಾಗಾ ಬೇಕು. ಊರೋರು ಗ್ರಾಮಸಭಾದಾಗ ಜಾಗಾ ಗೊತ್ತು ಮಾಡಿ ಠರಾವು ಕೊಡ್ರಿ. ಮುಂದಿಂದು ನನಗ ಬಿಡ್ರಿ.”

ಜಾಗ ಹುಡುಕುವ ಕೆಲಸವೇ ಇರಲಿಲ್ಲ. ಸಾಲೆಯ ಎದುರು, ಹಳೆಯ ಬಾವಿಯ ಮುಂದೆ, ರಾಶಿ ಮಾಡುವಷ್ಟು ದೊಡ್ಡ ಬಯಲು ಬಿದ್ದಿತ್ತು. ವೀರಭದ್ರ ಸಾಹೇಬರೂ ಅದನ್ನು ನೋಡಿ ತಲೆಯಾಡಿಸಿ ಹೋದರು. ಎಲ್ಲ ಸುಸೂತ್ರ ನಡೆಯಿತೆಂದರೆ ಅದು ನಮ್ಮೂರೇ ಅಲ್ಲ ಎಂದು ಗಿರಿಜಾಬಾಯಿ ಅವತ್ತೇ ಅಂದಳು. ನಾಲಿಗೆ ಕರಿಯದೇನೋ ಅವಳದು.

ಒಂದು ವಾರದಲ್ಲಿ ಬೀದರಿನಿಂದ ಅಮಿತಕುಮಾರ ಎಂಬವನು ಬಿಳಿ ಕಾರಿನಲ್ಲಿ ಬಂದ. ಸೈಟು ಮಾಡಿ ಮಾರುವುದು ಅವನ ದಂಧೆ. ಊರಾಚೆ ಗಾಯರಾಣವಿದೆ, ಊರ ದನ ಕುರಿ ಮೇಯಲು ತಾತ ಮುತ್ತಾತನ ಕಾಲದಿಂದ ಬಿಟ್ಟ ಸರಕಾರಿ ಹುಲ್ಲುಗಾವಲು. ಅದರ ಬೆನ್ನಿಗೆ ಹತ್ತಿ ಒಂದಷ್ಟು ಹೊಲವನ್ನು ಅವನು ಅಗ್ಗದಲ್ಲಿ ಕೊಂಡಿದ್ದ. ಅಗ್ಗವಾಗದೆ ಏನು? ಅದಕ್ಕೆ ದಾರಿಯೇ ಇರಲಿಲ್ಲ. ಆ ಪುಣ್ಯಾತ್ಮ ಪಂಚಾಯತಿ ಕಟ್ಟೆಯ ಮೇಲೆ ಕೂತು ಬೆಣ್ಣೆಯಂಥ ಮಾತಾಡಿದ: “ಬಾವಿ ಮುಂದ ಬಸ್ಸು ತಿರುಗಂಗಿಲ್ರಿ, ನಮ್ಮ ಇಂಜಿನಿಯರ್ ನೋಡ್ಯಾನ. ಗಾಯರಾಣದಾಗ ರಸ್ತೆಗೆ ಒಂದ್ ಪಟ್ಟಿ ಬಿಡ್ರಿ, ಸಾಕು. ರಸ್ತಾ ನಾ ಮಾಡ್ಸ್ತೇನಿ, ಬಸ್ಸು ತಿರುಗೋ ಸರ್ಕಲ್ ನನ್ನ ಹೊಲದಾಗೇ ಮಾಡ್ಸಿ ಕೊಡ್ತೇನಿ. ನಮ್ಮ ಅಕ್ಕ-ತಂಗಿಯರು ಎಷ್ಟ್ ದಿನ ನಡೀಬೇಕ್ರಿ?”

ಗಂಡಸರು ಕರಗಿ ನೀರಾದರು. ಗಿರಿಜಾಬಾಯಿ ಕರಗಲಿಲ್ಲ. ಸೌಟು ಹಿಡಿದವಳೇ ಚಂದ್ರಭಾಗಾಳ ಅಂಗಳಕ್ಕೆ ಬಂದಳು.

“ತಿಳೀತೇನವ್ವಾ ನಿನಗ? ಅವನ ಹೊಲಕ್ಕ ರಸ್ತಾ ಬೇಕಾಗ್ಯದ. ನಮ್ಮ ಬಸ್ಸಿನ ಹೆಸರ್ಲೆ ತಗೊಳ್ಳಾಕತ್ಯಾನ. ರಸ್ತಾ ಆತಂದ್ರ ಹೊಲದ ತುಂಬ ಪ್ಲಾಟು. ಆಮ್ಯಾಲ ನಿನ್ನ ಕುರಿ ಎಲ್ಲಿ ಮೇಯ್ತಾವ, ಅವನ ಕಾರಿನ ಮ್ಯಾಲೇನು?”

“ತಿಳೀತದ ಗಿರಿಜಾಬಾಯಿ. ಆದ್ರ ದಸರಾ ಬಂತಲ್ಲ.”

“ಬರ್ಲಿ. ಸಭಾದಾಗ ನಾನೇ ಏಳ್ತೇನಿ. ಬಾವಿ ಮುಂದ ಆದ್ರ ಬಸ್ಸು, ಇಲ್ಲಂದ್ರ ನಿನ್ನ ರಸ್ತಾನೂ ಬ್ಯಾಡ ಅಂತ ಮುಖದ ಮ್ಯಾಲೆ ಹೇಳ್ತೇನಿ. ನೀ ನನ್ನ ಹಿಂದ ನಿಲ್ಲು. ನಿಮ್ಮ ಓಣಿ ಹೆಂಗಸರೆಲ್ಲ ನಿನ್ನ ಮಾರಿ ನೋಡ್ತಾರ.”

ನಿಲ್ಲುತ್ತೇನೆ ಎಂದು ಚಂದ್ರಭಾಗಾ ಮಾತು ಕೊಟ್ಟಳು. ಕೊಟ್ಟದ್ದು ಮನಸಾರೆಯೇ. ಆದರೆ ರಾತ್ರಿಯೆಲ್ಲ ಅವಳಿಗೆ ಒಂದೇ ಹೆದರಿಕೆ. ಸಿಟ್ಟಿಗೆದ್ದು ಅವನು ಅಡ್ಡಗಾಲು ಹಾಕಿದರೆ? ಸಭೆ ಮುಂದಕ್ಕೆ ಹೋದರೆ? ದಸರಾ ದಾಟಿದರೆ ಹಣಮಂತಪ್ಪ ಔರಾದದ ದಾರಿ ಹಿಡಿಯುವುದು ಖಂಡಿತ. ಮಗಳು ಪಕ್ಕದಲ್ಲಿ ಮಲಗಿದ್ದಳು. ಜಗಳವಿಲ್ಲದೆ ಅಮಿತಕುಮಾರನನ್ನು ಕಟ್ಟಿಹಾಕುವ ದಾರಿ ಇಲ್ಲವೇ ಎಂದು ಯೋಚಿಸಿ ಯೋಚಿಸಿ ಬೆಳಗಿನ ಹೊತ್ತಿಗೆ ಅವಳಿಗೊಂದು ಉಪಾಯ ಹೊಳೆಯಿತು. ಹೊಳೆಯಬಾರದಿತ್ತು.

ಹಣಮಂತಪ್ಪನ ಮನೆತನದಲ್ಲಿ ಕಂಬಳಿ ಹೊದಿಸುವ ಪದ್ಧತಿಯಿದೆ. ಮನೆಯ ಕುರಿಯ ಉಣ್ಣೆಯಿಂದ ನೇಯ್ದ ಕರಿ ಕಂಬಳಿ. ಯಾರಾದರೂ ಹತ್ತು ಜನರ ಮುಂದೆ ಮಾತು ಕೊಟ್ಟರೆ ಕುಲದೇವರು ಬೀರಪ್ಪನ ಹೆಸರು ಹೇಳಿ ಅವರ ಹೆಗಲಿಗೆ ಅದನ್ನು ಹೊದಿಸುತ್ತಾರೆ. ಹೊದ್ದವನು ಮಾತು ತಪ್ಪಬಾರದು. ಹೊದಿಸಿದ ಮನೆಯವರು, ಅವನು ಊರ ಸೀಮೆ ದಾಟುವವರೆಗೆ ಅವನಿಗೆ ಎದುರಾಡಬಾರದು, ಎದುರಾಡಗೊಡಲೂಬಾರದು. ಕುರಿ ಕಳ್ಳತನದ ಜಗಳ, ಬದುವಿನ ಜಗಳ, ಮುರಿದು ಬೀಳುತ್ತಿದ್ದ ನೆಂಟಸ್ತಿಕೆ ಎಲ್ಲವೂ ಆ ಕಂಬಳಿಯಲ್ಲಿ ಬಗೆಹರಿದದ್ದನ್ನು ಚಂದ್ರಭಾಗಾ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕಂಡಿದ್ದಳು. ಕಂಬಳಿ ಹೊದ್ದು ಮಾತು ಮುರಿದವನನ್ನು ಒಬ್ಬನನ್ನೂ ಕಂಡಿರಲಿಲ್ಲ. ಅಮಿತಕುಮಾರನಿಗೂ ಅದನ್ನೇ ಹೊದಿಸೋಣ, ಬಸ್ಸು ತಪ್ಪದೆ ಬರುತ್ತದೆ ಎಂದು ಗಂಡನಿಗೆ ಅವಳೇ ಹೇಳಿದಳು. ಹಣಮಂತಪ್ಪ ಹೆಂಡತಿಯ ಬುದ್ಧಿಗೆ ತಲೆದೂಗಿದ. ಗಿರಿಜಾಬಾಯಿಗೆ ಹೇಳಲು ಅವಳಿಗೆ ಯಾಕೋ ಬಾಯಿ ಬರಲಿಲ್ಲ.

ಗ್ರಾಮಸಭೆಯ ದಿನ ಸಾಲೆಯ ಪಡಸಾಲೆ ತುಂಬಿತ್ತು. ಅಮಿತಕುಮಾರ ಫೋಟೋ ತೆಗೆಯುವವನನ್ನೂ ಕರೆತಂದಿದ್ದ. “ದಸರಾದೊಳಗ ಬಸ್ಸು ನಿಮ್ಮೂರಾಗ ಬರ್ತದ, ಇದು ನನ್ನ ಮಾತು,” ಎಂದು ಎದೆ ತಟ್ಟಿಕೊಂಡ. ಹಣಮಂತಪ್ಪ ಎದ್ದ. ಚಂದ್ರಭಾಗಾ ತಾನೇ ಕಂಬಳಿಯ ಮಡಿಕೆ ಬಿಚ್ಚಿ ಗಂಡನ ಕೈಗೆ ಕೊಟ್ಟಳು. ಹೆಗಲ ಮೇಲೆ ಕಂಬಳಿ ಬಿತ್ತು, ಬೀರಪ್ಪನ ಹೆಸರು ಎದ್ದಿತು, ಹೆಂಗಸರು ಚಪ್ಪಾಳೆ ಬಡಿದರು, ಅವನು ಕ್ಯಾಮೆರಾದ ಕಡೆ ನೋಡಿ ಕೈ ಮುಗಿದ. ಮೂಲೆಯಲ್ಲಿ ಕೂತ ಗಿರಿಜಾಬಾಯಿಯ ಮುಖ ಮಾತ್ರ ಗಂಟು ಹಾಕಿಕೊಂಡಿತು.

ಠರಾವು ಓದಿದರು. ಗಾಯರಾಣದಲ್ಲಿ ರಸ್ತೆ, ಅಮಿತಕುಮಾರನ ಹೊಲದಲ್ಲಿ ಬಸ್ಸು ತಿರುಗುವ ಜಾಗ. ಗಿರಿಜಾಬಾಯಿ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು.

“ಒಂದ್ ಮಾತ್ರಿ ಸಾಹೇಬ್ರ. ಬಾವಿ ಮುಂದ ಬಸ್ಸು ಯಾಕ ತಿರುಗಂಗಿಲ್ಲ? ಡಿಪೋದೋರು ತಿರುಗ್ತದ ಅಂದಾರ. ನಿಮ್ಮ ಇಂಜಿನಿಯರ್ ಬಸ್ಸು ನೋಡ್ಯಾನೋ, ನಿಮ್ಮ ಹೊಲಾ ನೋಡ್ಯಾನೋ?”

ಹಿಂದಿನ ಸಾಲಿನಲ್ಲಿ ಹೆಂಗಸರು ಮಿಸುಕಾಡಿದರು. ಇನ್ನೆರಡು ಮಾತು ಬಿದ್ದಿದ್ದರೆ ಎದ್ದೇ ಬಿಡುತ್ತಿದ್ದರು. ಅಷ್ಟರಲ್ಲಿ ಹಣಮಂತಪ್ಪ ಕೈ ಎತ್ತಿದ. “ಕಂಬಳಿ ಹೊತ್ತ ಮಂದಿ ಎದುರಿಗಿ ಈ ಮಾತು ಬ್ಯಾಡ.”

“ಕಂಬಳಿ ನಿಮ್ಮ ಮನಿಂದು. ಊರು ಎಲ್ಲಾರದು,” ಎಂದು ಗಿರಿಜಾಬಾಯಿ ಚಂದ್ರಭಾಗಾಳ ಕಡೆ ತಿರುಗಿದಳು. ಎರಡೂ ಓಣಿಯ ಹೆಂಗಸರೆಲ್ಲ ಅವಳ ಕಡೆಯೇ ತಿರುಗಿದರು.

ಗಿರಿಜಾಬಾಯಿ ಆಡುತ್ತಿರುವುದು ಖರೇ ಮಾತು, ಅದು ಚಂದ್ರಭಾಗಾಳಿಗೆ ಗೊತ್ತಿತ್ತು. ಕಂಬಳಿ ಕೊಟ್ಟವಳು ತಾನು, ಅದೂ ಗೊತ್ತಿತ್ತು. ಈಗ ಪದ್ಧತಿ ಮುರಿದರೆ ಅವನೂ ಮುರಿಯುತ್ತಾನೆ, ಬಸ್ಸು ಹೋಗುತ್ತದೆ, ಬಸ್ಸಿನ ಹಿಂದೆ ಮಗಳೂ ಹೋಗುತ್ತಾಳೆ ಅನ್ನಿಸಿತು.

“ಗಿರಿಜಾಬಾಯಿ,” ಎಂದಳು, “ಕೂಡ್ರಿ.”

ಗಿರಿಜಾಬಾಯಿ ಕೂಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು ಹೇಳಿದಳು: “ಕುರಿ ಕೇಳಿ ಮಸಾಲಿ ಅರೀತಾರೇನು ಅಂತಾರ. ನಮ್ಮೂರಾಗ ಕುರಿನೇ ಮಸಾಲಿ ಅರದು ಕೊಡ್ತು ನೋಡ್ರಿ.”

ಚಪ್ಪಾಳೆಯಲ್ಲಿ ಠರಾವು ಪಾಸಾಯಿತು.

ಬಸ್ಸು ಬಂತು ಎನ್ನುವುದನ್ನು ಮಾತ್ರ ಯಾರೂ ಸುಳ್ಳೆನ್ನುವಂತಿಲ್ಲ. ದಸರೆಗೆ ಮುಂಚೆಯೇ ಬಂತು. ಗಾಯರಾಣದಲ್ಲಿ ಕೆಂಪು ಮೊರಮಿನ ರಸ್ತೆ ಎದ್ದಿತು, ಬಸ್ಸು ಊರನ್ನು ಹಾಯ್ದು ಅವನ ಹೊಲದಲ್ಲಿ ಸುತ್ತು ಹೊಡೆದು ತಿರುಗಿ ಬಂತು. ಹೆಂಗಸರು ಆರತಿ ಎತ್ತಿದರು, ಟಾಯರಿಗೆ ನಿಂಬೆಹಣ್ಣು ಇಟ್ಟರು. ಸೋನಾಲಿ ಮನೆಯ ಮುಂದೆ ಬಸ್ಸು ಹತ್ತಿ ಮನೆಯ ಮುಂದೆ ಇಳಿಯತೊಡಗಿದಳು. ಚಂದ್ರಭಾಗಾ ಸಂಜೆ ಕೋಲು ಹಿಡಿದು ಹೊರಡುವ ಹೊತ್ತಿನಲ್ಲಿ ಈಗ ಕಟ್ಟೆಯ ಮೇಲೆ ಕೂತು ಚಹಾ ಕುಡಿದಳು. ಸುಖ ಅಂದರೆ ಇದೇ ಇರಬೇಕು ಅಂದುಕೊಂಡಳು. ಗಿರಿಜಾಬಾಯಿಯೊಡನೆ ಮಾತು ಬಿಟ್ಟುಹೋಗಿತ್ತು, ಒಂದು ದಿನ ಸರಿಹೋಗುತ್ತದೆ, ಬಸ್ಸಿನಲ್ಲಿ ಅವಳ ಸೊಸೆಯೂ ಕೂಡುತ್ತಾಳಲ್ಲ ಎಂದು ಸಮಾಧಾನ ಮಾಡಿಕೊಂಡಳು. ಬೀದರಿನ ರಸ್ತೆಯಲ್ಲಿ ಅಮಿತಕುಮಾರನ ದೊಡ್ಡ ಬೋರ್ಡು ನಿಂತಿತ್ತು. ಅದರಲ್ಲಿ ಆರತಿ ಹಿಡಿದ ಅವಳದೇ ಚಿತ್ರ, ಹಿಂದೆ ಬಸ್ಸು, ಕೆಳಗೆ ದಪ್ಪ ಅಕ್ಷರದಲ್ಲಿ: ಬಸ್ ಸೌಲಭ್ಯವಿರುವ ನಿವೇಶನಗಳು. ಸೋನಾಲಿ ಮೊಬೈಲಿನಲ್ಲಿ ಅದನ್ನು ತೋರಿಸಿದಾಗ ಚಂದ್ರಭಾಗಾ ನಾಚಿಕೊಂಡು ನಕ್ಕಳು. ಏನು ಹೇಳಬೇಕು ಆ ನಗುವಿಗೆ!

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ಬಂತು. ಊರವರೆಲ್ಲ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಭಜ್ಜಿ ರೊಟ್ಟಿ ಉಂಡು ಬರುವಷ್ಟರಲ್ಲಿ ಗಾಯರಾಣದ ಬಾಯಿಗೆ ಕಮಾನು ಎದ್ದಿತ್ತು, ಕಮಾನಿಗೆ ಕಬ್ಬಿಣದ ಗೇಟು, ಗೇಟಿಗೆ ಕಾವಲುಗಾರ. ಪ್ಲಾಟುಗಳೆಲ್ಲ ಖರ್ಚಾಗಿದ್ದವು. ಬೀದರಿನಿಂದ, ಹೈದರಾಬಾದಿನಿಂದ ಬಂದು ಕೊಂಡವರಿಗೆ ತಮ್ಮ ಬಡಾವಣೆಯೊಳಗೆ ಹಳ್ಳಿ ಬಸ್ಸಿನ ಧೂಳು ಬೇಕಿರಲಿಲ್ಲ. ಕುರಿಗಳಂತೂ ಬೇಡವೇ ಬೇಡ. ಮರುದಿನ ಬಂದ ಬಸ್ಸು ಗೇಟಿನ ಮುಂದೆ ನಿಂತು ಹಾರ್ನು ಹೊಡೆದು ಹೊಡೆದು, ಠರಾವಿನಲ್ಲಿಲ್ಲದ ಜಾಗದಲ್ಲಿ ತಿರುಗಿಸಲು ಡ್ರೈವರ್ ಒಪ್ಪದೆ, ಫಾಟಾದವರೆಗೂ ಹಿಮ್ಮುಖವಾಗಿ ಹೋಯಿತು. ಅದರ ಮರುದಿನ ಬರಲಿಲ್ಲ.

ಚಂದ್ರಭಾಗಾ ಡಿಪೋಗೆ ಓಡಿದಳು. ವೀರಭದ್ರ ಸಾಹೇಬರು ತಲೆ ಕೆರೆದುಕೊಂಡರು. “ಬಾವಿ ಮುಂದ ನಾ ಇವತ್ತೇ ತಿರುಗಿಸ್ತಿದ್ದೆ ತಾಯಿ. ಆದ್ರ ನಿಮ್ಮ ಠರಾವಿನಾಗ ಆ ಜಾಗಾ ಅಂತ ಅದ. ಊರೇ ಚಪ್ಪಾಳಿ ಹೊಡದು ಪಾಸ್ ಮಾಡ್ಯದ. ಇನ್ನೊಂದ್ ಸಭಾ ಆಗಬೇಕು, ಬ್ಯಾರೆ ಠರಾವು ಬರಬೇಕು.” ಪಂಚಾಯತಿಯಲ್ಲಿ ಕೇಳಿದರೆ ಸಭೆ ಮಳೆಗಾಲದ ಮೇಲೆ ಎಂದರು.

ಒಬ್ಬಳೇ ಬೀದರಿಗೆ ಹೋದಳು. ಅಮಿತಕುಮಾರನ ಆಫೀಸಿನಲ್ಲಿ ತಂಪು ಗಾಳಿಯ ಮಷೀನು, ಗಾಜಿನ ಮೇಜು. ಅವನು ಗುರುತು ಹಿಡಿದು ಎದ್ದು ನಿಂತು ನಮಸ್ಕಾರ ಮಾಡಿದ, ಚಹಾ ತರಿಸಿದ. ಅದೇ ಅವಳಿಗೆ ಇನ್ನೂ ಉರಿ.

“ನೀವು ಕಂಬಳಿ ಹೊತ್ತೀರಿ,” ಎಂದಳು.

“ಯಾವ ಕಂಬಳಿ ಬಾಯಿ?”

“ಸಭಾದಾಗ. ನಮ್ಮನಿಯವರು ಹೊದಿಸಿದ್ರಲ್ರಿ, ಬೀರಪ್ಪನ ಹೆಸರು ತಗೊಂಡು.”

“ಅಯ್ಯ, ಅದಾ?” ಅವನಿಗೆ ನೆನಪಾಗಲು ಹೊತ್ತು ಹಿಡಿಯಿತು. “ಹೋದಲ್ಲೆಲ್ಲ ಶಾಲು ಹಾಕ್ತಾರ್ರಿ, ಯಾವ್ದು ಎಲ್ಲಿ ಹೋತು ಅಂತ ಹ್ಯಾಂಗ ನೆನಪಿಡ್ಲಿ? ಬಸ್ಸು ತಂದೆ ಅಲ್ರಿ, ಇಲ್ಲಂತೀರೇನು? ಈಗ ಪ್ಲಾಟಿನೋರು ಬ್ಯಾಡ ಅಂತಾರ. ಅವರ ಜಾಗಾ, ನಾ ಏನ್ ಮಾಡ್ಲಿ? ಚಹಾ ಆರ್ತದ, ತಗೋರಿ.”

ಅವನ ಮುಖದಲ್ಲಿ ಕಪಟವೂ ಇರಲಿಲ್ಲ. ಕಂಬಳಿ ಅವನನ್ನು ಕಟ್ಟಲೇ ಇಲ್ಲ, ಕಟ್ಟಿದ್ದು ಕೊಟ್ಟವರನ್ನು ಮಾತ್ರ ಎಂದು ಆ ಗಾಜಿನ ಮೇಜಿನ ಮುಂದೆ ಚಂದ್ರಭಾಗಾಳಿಗೆ ತಿಳಿಯಿತು. ಅವನಿಗೆ ಗೊತ್ತೇ ಇರದ ಪದ್ಧತಿಗೆ ಅಂಜಿ ತಾನು ಗಿರಿಜಾಬಾಯಿಯ ಬಾಯಿ ಮುಚ್ಚಿಸಿದ್ದೆ! ನಿನ್ನ ಮನೆ ಹಾಳಾಗಲಿ ಎಂದು ಬಾಯಿಗೆ ಬಂತು. ಆದರೆ ಆ ಶಾಪ ಅವನಿಗೆ ಹಾಕಬೇಕೋ ತನಗೆ ಹಾಕಿಕೊಳ್ಳಬೇಕೋ ತಿಳಿಯದೆ, ಚಹಾ ಮುಟ್ಟದೆ ಎದ್ದು ಬಂದಳು.

ಮನೆಯಲ್ಲಿ ಹಣಮಂತಪ್ಪ ಕುರಿಗಳನ್ನು ಅಂಗಳದಲ್ಲೇ ಕಟ್ಟಿಕೊಂಡು ಕೂತಿದ್ದ, ಮೇಯಿಸಲು ಜಾಗ ಉಳಿದಿರಲಿಲ್ಲ. ಅವನ ಮಾತಿನಲ್ಲಿ ಸಿಟ್ಟಿಗಿಂತ ಅವಮಾನ ಹೆಚ್ಚಿತ್ತು. “ಕಂಬಳಿ ಮಾನಾ ಹೋತು, ಗಾಯರಾಣ ಹೋತು. ಇನ್ನ ಹುಡುಗಿ ಮ್ಯಾಲೆ ಒಂದ್ ಮಾತು ಬರೋದೊಂದು ಉಳದದ. ಅಕ್ಕನ ಮನಿಗಿ ಫೋನ್ ಮಾಡೀನಿ.”

“ಅಪ್ಪಾ, ನಾ ನಡೀತೇನಿ,” ಎಂದಳು ಸೋನಾಲಿ. “ಇಷ್ಟ್ ದಿನ ನಡದೀನಿ, ಪರೀಕ್ಷಾ ತನಕ ನಡೀತೇನಿ.”

“ಆ ದಾರ್ಯಾಗ ಬ್ಯಾಡ.”

“ಹಾಸ್ಟೆಲ್ ಕೇಳೂಣ್ರಿ,” ಎಂದಳು ಚಂದ್ರಭಾಗಾ. ವರ್ಷದ ನಡುವೆ ಜಾಗ ಇಲ್ಲವೆಂದು ಹಾಸ್ಟೆಲಿನವರು ಮೊದಲೇ ಹೇಳಿಯಾಗಿತ್ತು, ಅದು ಗಂಡನಿಗೂ ಗೊತ್ತಿತ್ತು. ಅತ್ತಳು, ಊಟ ಬಿಟ್ಟಳು, ತವರಿಗೆ ಹೋಗುತ್ತೇನೆ ಎಂದಳು. ಆದರೆ ಬಸ್ಸಿನ ಕರಾರಿಗೆ ಒಪ್ಪಿದವಳು ತಾನೇ, ಬಸ್ಸು ಕಳೆದವಳೂ ತಾನೇ. ಯಾವ ಬಾಯಿಂದ ಎಷ್ಟು ವಾದ ಮಾಡಿಯಾಳು?

ಯುಗಾದಿಯ ಮೇಲೆ ಔರಾದದಲ್ಲಿ ಮದುವೆ. ಕಾಲೇಜಿನಲ್ಲಿ ಪರೀಕ್ಷೆ ಶುರುವಾದದ್ದೂ ಅದೇ ವಾರ. ಬೀಗರು ಧಾರಾಳ ಮನುಷ್ಯರು, ಹೆಣ್ಣಿನ ಕಡೆಯವರಿಗೆಂದು ಸರಕಾರಿ ಬಸ್ಸನ್ನೇ ಬಾಡಿಗೆಗೆ ಹಿಡಿದು ಕಳಿಸಿದ್ದರು. ಬೆಳಿಗ್ಗೆ ಅದು ಫಾಟಾದಲ್ಲಿ ನಿಲ್ಲಲಿಲ್ಲ. ಕಬ್ಬಿನ ನಡುವೆ, ಸೇತುವೆಯ ಮೇಲೆ ಹಾರ್ನು ಹೊಡೆಯುತ್ತ ಸೀದಾ ಊರೊಳಗೆ ಬಂತು. ಡ್ರೈವರ್ ರಶೀದ ಅಹ್ಮದ, ನೆರೆತ ಗಡ್ಡದ ಮನುಷ್ಯ, ತಲೆ ಹೊರಗೆ ಹಾಕಿ ಎಲ್ಲಿ ತಿರುಗಿಸಲಿ ಎಂದು ಕೇಳಿದ. ಅವನೇ ಆಚೆ ಈಚೆ ನೋಡಿ ಬಾವಿಯ ಮುಂದಿನ ಬಯಲಿಗೆ ಬಸ್ಸು ಇಳಿಸಿದ. ಒಂದೇ ಸುತ್ತು, ಹಿಂದೆ ಮುಂದೆ ಮಾಡುವ ಪ್ರಶ್ನೆಯೇ ಬರಲಿಲ್ಲ. ಬಸ್ಸು ಚಂದ್ರಭಾಗಾಳ ಮನೆಯ ಮುಂದೆ ಬಂದು ನಿಂತಿತು.

“ಏ, ಭಾಳ ಜಾಗಾ ಅದ ಇಲ್ಲಿ,” ಎಂದ ರಶೀದ ಅಹ್ಮದ ಇಳಿಯುತ್ತ. “ಎರಡು ಗಾಡಿ ತಿರುಗ್ತಾವ. ಈ ಊರಿಗಿ ಬಸ್ಸು ಯಾಕಿಲ್ರಿ?”

ಹಣಮಂತಪ್ಪ ಸುತ್ತಿದ್ದ ಹೊಸ ರುಮಾಲನ್ನು ಸುಮ್ಮನೆ ಬಿಚ್ಚಿ ಮತ್ತೆ ಸುತ್ತಿಕೊಂಡ. ಗಂಡಸರು ಗಂಟು ಮೂಟೆ ಏರಿಸುವ ಗಡಿಬಿಡಿ ತೋರಿಸಿದರು. ಗಿರಿಜಾಬಾಯಿ ಸಪನಾಳ ಕೈ ಹಿಡಿದು ಬಂದಿದ್ದಳು. ಚಂದ್ರಭಾಗಾ ಬರ್ರಿ ಎನ್ನುವ ಮೊದಲೇ ಹೇಳಿದಳು: “ಹುಡುಗಿ ಮಾರಿ ನೋಡ್ಲಿಕ್ಕಿ ಬಂದೀನವ್ವಾ. ನಿನ್ನ ಮಾರಿ ನೋಡ್ಲಿಕ್ಕಲ್ಲ.” ಅಂದವಳು ಸೋನಾಲಿಯ ಗಲ್ಲ ಹಿಡಿದು ನೆಟಿಕೆ ಮುರಿದು, ಬಸ್ಸು ಹತ್ತದೆ ಹೊರಟುಹೋದಳು.

ಸೋನಾಲಿ ಅರಿಷಿಣದ ಸೀರೆಯಲ್ಲಿ ಮುಂದಿನ ಸೀಟಿನಲ್ಲಿ ಕೂತಳು. ಬೆಳಗಿನಿಂದ ಒಂದು ಮಾತಾಡದವಳು ಡ್ರೈವರ್ ಬಂದು ಕೂತೊಡನೆ ಮುಂದಕ್ಕೆ ಬಾಗಿ ಕೇಳಿದಳು.

“ಚಾಚಾ, ಇದು ಭಾಲ್ಕಿ ಮ್ಯಾಲೆ ಹೋಗ್ತದೇನ್ರಿ? ಕಾಲೇಜಿನ ಮುಂದ?”

“ಹೋಗ್ತದ ಬೇಟಿ, ಅದರ ಮುಂದಿನಿಂದೇ ರಸ್ತಾ,” ಎಂದ ರಶೀದ ಅಹ್ಮದ. ಕನ್ನಡಿಯಲ್ಲಿ ಹುಡುಗಿಯ ಮುಖ ನೋಡಿ ಅವನ ದನಿ ಮೆತ್ತಗಾಯಿತು. “ಗೆಳತ್ಯಾರು ಇದ್ದಾರೇನು? ಗೇಟಿನಾಗ ಎರಡ್ ಮಿನಿಟ ನಿಲ್ಸ್ತೇನಿ, ಏನಾಗ್ತದ?”

ಸೋನಾಲಿ ತಿರುಗಿ ಅವ್ವನ ಕಡೆ ನೋಡಿದಳು.

“ನಿಲ್ಸಬ್ಯಾಡ್ರಿ ಭಾಯಿ,” ಎಂದಳು ಚಂದ್ರಭಾಗಾ. “ಅಲ್ಲಿ ಬಂದಾಗ ಗಾಡಿ ಜೋರ ಹೊಡೀರಿ.”